ಮಳೆ ತೊಳೆದ ಬಂಡೆ ಮೇಲೆ ನೀರುನಾಯಿ ಗುರುತು

ಮೂರು ದಿನ ಬಿಡದೆ ಸುರಿದ ಮಳೆಗೆ ಹಳ್ಳ ದಡ ಮೀರಿ ಹರಿದಿತ್ತು, ನಾಲ್ಕನೇ ದಿನ ನೀರು ಇಳೀತು, ಐದನೇ ದಿನ ಬೆಳಗಿನ ಜಾವ ಗೆಳೆಯ ಫೋನ್ ಮಾಡಿ "ಬೇಗ ಬಾರೋ, ಇಂಥ ದಿನ ಮತ್ತೆ ಸಿಗಲ್ಲ" ಅಂದ. ಅವನು ವರ್ಷಗಳಿಂದ ನೀರುನಾಯಿ ಜಾಡು ಹಿಡಿದು ಹಳ್ಳ ಸುತ್ತೋನು. ಅಷ್ಟು ನೀರು ಬಂದ್ಮೇಲೆ ಗುರುತೆಲ್ಲ ಕೊಚ್ಚಿಹೋಗಿರತ್ತಲ್ಲ, ನೋಡೋದೇನು ಅಂತ ಕೇಳ್ದೆ. "ಅದಕ್ಕೇ ಕಣೋ ಕರೀತಿರೋದು. ಹಳೇದೆಲ್ಲ ತೊಳೆದುಹೋಗಿದೆ, ಇವತ್ತು ಬಂಡೆ ಮೇಲೆ ಏನು ಸಿಕ್ಕಿದ್ರೂ ನೀರು ಇಳಿದ ಮೇಲೆ ಹಾಕಿದ್ದೇ" ಅಂದ.

ಎರಡು ಹಳ್ಳ ಕೂಡೋ ಕಡೆ ಒಂದು ಚಪ್ಪಟೆ ಬಂಡೆ ಇದೆ, ಎಷ್ಟೋ ಸಲ ನಾನು ಅದರ ಮೇಲೇ ಕೂತು ಬೂಟು ಬಿಚ್ಚಿದ್ದೀನಿ. ಅವತ್ತು ಅದರ ನೆತ್ತಿ ಮೇಲೆ ಡಾಂಬರಿನ ಥರ ಕಪ್ಪಗೆ, ಅಂಟಂಟಾಗಿ, ಹೆಬ್ಬೆರಳಷ್ಟು ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿದ್ರೆ ಒಳಗೆಲ್ಲ ಮೀನಿನ ಹುರುಪೆ, ಸೂಜಿಗಿಂತ ಸಣ್ಣ ಮುಳ್ಳು, ಒಂದೆರಡು ಏಡಿ ಚಿಪ್ಪಿನ ಚೂರು. "ಬಗ್ಗಿ ಮೂಸು" ಅಂದ. ಬೇರೆ ಮಾಂಸಾಹಾರಿ ಪ್ರಾಣಿಗಳ ಹಿಕ್ಕೆಯ ಹೊಲಸು ನಾತ ಇರತ್ತೆ ಅಂತ ಉಸಿರು ಬಿಗಿಹಿಡಿದೇ ಬಗ್ಗಿದ್ದು, ಆದ್ರೆ ಅದಲ್ಲ. ಮೀನಿನ ವಾಸನೆ ಇದೆ ನಿಜ, ಅದರ ಕೆಳಗೆ ಒಣಹುಲ್ಲಿನ ಥರದ್ದು, ಸ್ವಲ್ಪ ಸಿಹಿ ಅನ್ಸೋ ಕಸ್ತೂರಿ ಘಾಟು. ಒಂದ್ಸಲ ಮೂಗಿಗೆ ಹತ್ತಿದ್ರೆ ಆಮೇಲೆ ಮರೆಯೋದಿಲ್ಲ.

ಅಲ್ಲಿಂದ ಮೇಲಕ್ಕೆ ಹಳ್ಳದ ಪಕ್ಕದಲ್ಲೇ ನಡೆಯೋಕೆ ಶುರು ಮಾಡಿದ್ವಿ. ಸ್ವಲ್ಪ ದೂರದಲ್ಲಿ ನೀರಿಗೆ ಅಡ್ಡ ಬಿದ್ದ ಮರದ ಬೊಡ್ಡೆ ಮೇಲೆ ಇನ್ನೊಂದು. ಅದಾದ್ಮೇಲೆ ಮರಳು ದಿಬ್ಬದಲ್ಲಿ ಸಿಕ್ಕಿದ್ದು ನನಗೆ ತುಂಬ ಇಷ್ಟ ಆಯ್ತು. ಮರಳನ್ನ ಕಾಲಲ್ಲಿ ಕೆರೆದು ಪುಟ್ಟ ಗುಡ್ಡೆ ಮಾಡಿ ಅದರ ತುದಿಗೆ ಗುರುತು ಹಾಕಿತ್ತು, ಸುತ್ತಲೂ ಹೆಜ್ಜೆ, ಐದೈದು ಬೆರಳು ಬಿಡಿಬಿಡಿಯಾಗಿ ಮೂಡಿತ್ತು (ನಾಯಿ ಹೆಜ್ಜೆ ಆದ್ರೆ ನಾಲ್ಕೇ). ಅಲ್ಲಿ ಬಂಡೆ ಇರ್ಲಿಲ್ಲ, ಎತ್ತರ ಬೇಕಿತ್ತು, ತಾನೇ ಮಾಡ್ಕೊಂಡಿದೆ. ಅದರ ಮೇಲಿದ್ದಿದ್ದು ಹಿಕ್ಕೆನೂ ಅಲ್ಲ, ಹಳದಿ ಕಂದು ಬಣ್ಣದ ಲೋಳೆ ಅಷ್ಟೇ, ಒಂದು ಮುಳ್ಳೂ ಇಲ್ಲ. ನೀರುನಾಯಿಗೆ ಬಾಲದ ಬುಡದಲ್ಲಿ ಒಂದು ಜೊತೆ ವಾಸನೆ ಗ್ರಂಥಿ ಇರತ್ತೆ, ಆ ವಾಸನೆ ಹಿಕ್ಕೆ ಜೊತೆನೂ ಬರತ್ತೆ, ಕೆಲವು ಸಲ ಹೀಗೆ ಲೋಳೆ ಒಂದನ್ನೇ ಬಿಟ್ಟು ಹೋಗತ್ತೆ. ತಿಂದಿದ್ದು ಕೆಲವೇ ಗಂಟೇಲಿ ಹೊರಗೆ ಬರೋ ಪ್ರಾಣಿ ಇದು, ಅದನ್ನೂ ಒಂದೇ ಕಡೆ ಹಾಕದೆ ಒಂದೊಂದು ಕಡೆ ಚೂರುಚೂರು ಹಾಕತ್ತೆ.

ಸೇತುವೆ ಕೆಳಗೆ ನೀರು ಮುಟ್ಟದ ಒಂದು ಕಟ್ಟೆ ಇತ್ತು. ಇಡೀ ದಾರಿಯಲ್ಲಿ ಹಳೇದು ಉಳಿದಿದ್ದು ಅಲ್ಲಿ ಮಾತ್ರ, ಬೂದಿ ಬಣ್ಣಕ್ಕೆ ತಿರುಗಿ, ಮುಟ್ಟಿದ್ರೆ ಪುಡಿಯಾಗಿ ಹುರುಪೆ ಮಾತ್ರ ಉದುರೋ ಥರ, ಅದರ ಪಕ್ಕ ಸ್ವಲ್ಪ ಹೊಸದು, ಎಲ್ಲದರ ಮೇಲೆ ಇನ್ನೂ ಒದ್ದೆ ಇರೋದೊಂದು. ಇಂಥ ಜಾಗಗಳನ್ನ ನೀರುನಾಯಿಗಳು ವರ್ಷಗಟ್ಟಲೆ ಬಿಡೋದಿಲ್ಲ, ಒಂದು ಸತ್ರೆ ಇನ್ನೊಂದು ಬಂದು ಅದೇ ಕಲ್ಲನ್ನೇ ಹಿಡಿಯತ್ತೆ ಅಂದ. ಇಲ್ಲಿರೋದು ಯುರೇಷಿಯನ್ ನೀರುನಾಯಿ, ಹೆಚ್ಚಾಗಿ ಒಂಟಿಯಾಗಿ ಓಡಾಡೋದು. ಗಂಡಿನ ಹರವು ಕೆಲವು ಕಡೆ ನದಿಗುಂಟ 40 ಕಿಲೋಮೀಟರ್‌ವರೆಗೂ ಇರತ್ತೆ, ಅಷ್ಟು ಉದ್ದದಲ್ಲಿ ಒಂದಕ್ಕೊಂದು ಮುಖ ನೋಡೋದೇ ಅಪರೂಪ, ಇರೋ ಸಂಪರ್ಕ ಎಲ್ಲ ಈ ಕಲ್ಲುಗಳ ಮೇಲೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು ಈ ವಾಸನೆಯ ರಾಸಾಯನಿಕಗಳನ್ನ ಪರೀಕ್ಷೆ ಮಾಡಿ, ಗಂಡಾ ಹೆಣ್ಣಾ, ಮರಿಯಾ ದೊಡ್ಡದಾ ಅನ್ನೋ ವ್ಯತ್ಯಾಸ ಅದರಲ್ಲೇ ಇರತ್ತೆ ಅಂತ ತೋರಿಸಿದ್ದಾರೆ.

ನಾನು ಇದನ್ನೆಲ್ಲ ಬೇಲಿ ಅಂದ್ಕೊಂಡಿದ್ದೆ, ಇದು ನನ್ನ ಜಾಗ ಒಳಗೆ ಬರಬೇಡ ಅನ್ನೋ ಥರ. ಹಾಗಾಗಿದ್ರೆ ಗುರುತೆಲ್ಲ ಅಂಚಲ್ಲೇ ಇರಬೇಕಿತ್ತು. ಅವತ್ತು ಲೆಕ್ಕ ಹಾಕಿದ 11ರಲ್ಲಿ 7 ಇದ್ದಿದ್ದು ಮೀನು ನಿಲ್ಲೋ ಆಳದ ಗುಂಡಿಗಳ ಪಕ್ಕ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಬಹಳ ಕಾಲ ನೀರುನಾಯಿಗಳನ್ನ ನೋಡಿದ ವಿಜ್ಞಾನಿ ಹಾನ್ಸ್ ಕ್ರೂಕ್ 1992ರಲ್ಲಿ ಬರೆದಿದ್ದೂ ಇದನ್ನೇ, ಈ ಗುಂಡಿಯನ್ನ ಸದ್ಯ ನಾನು ಬಳಸ್ತಾ ಇದ್ದೀನಿ ಅಂತ ಬೇರೆಯವಕ್ಕೆ ತಿಳಿಸೋದು. ಆಗ ತಾನೇ ಜಾಲಾಡಿದ ಗುಂಡಿಗೆ ಇನ್ನೊಂದು ಇಳಿದ್ರೆ ಅದಕ್ಕೂ ಹೊಟ್ಟೆ ತುಂಬಲ್ಲ, ಸುಮ್ನೆ ಮುಂದಿನ ಗುಂಡಿಗೆ ಹೋಗೋದು ಎರಡಕ್ಕೂ ಒಳ್ಳೇದು. ಆ ಗುಂಡಿಗಳ ಪಕ್ಕ ನಿಂತು ಯೋಚಿಸಿದಾಗ ನನಗೆ ಬೇಲಿಗಿಂತ ಇದೇ ಸರಿ ಅನ್ನಿಸ್ತು.

ಹನ್ನೊಂದನೇದು ದಾಟಿದ ಮೇಲೆ ಏನೂ ಇಲ್ಲ. ಜಾಗ ನೋಡಿದ್ರೆ ಎಲ್ಲಕ್ಕಿಂತ ಚೆನ್ನಾಗಿತ್ತು, ದಡದ ಮರಗಳ ಬೇರು ನೀರಿನವರೆಗೂ ಇಳಿಬಿದ್ದು ಅದರ ಹಿಂದೆ ಕತ್ತಲೆ ಪೊಟರೆಗಳು, ಎದುರಿಗೆ ಒಳ್ಳೊಳ್ಳೆ ಬಂಡೆಗಳು, ಒಂದರ ಮೇಲೂ ಒಂದು ಚುಕ್ಕೆ ಇಲ್ಲ. ನಾನು ಇನ್ನೂ ಮುಂದೆ ಹುಡುಕೋಣ ಅಂತ ಹೆಜ್ಜೆ ಹಾಕ್ತಿದ್ದೆ, ಗೆಳೆಯ ತೋಳು ಹಿಡಿದು ನಿಲ್ಲಿಸಿದ. ಪಿಸುದನಿಯಲ್ಲಿ "ಮರಿ ಹಾಕಿರೋ ಹೆಣ್ಣು ಬಿಲದ ಹತ್ರ ಗುರುತು ಹಾಕಲ್ಲ ಕಣೋ, ಮರಿ ಎಲ್ಲಿದೆ ಅಂತ ವಾಸನೆ ಹಿಡಿದು ಯಾರೂ ಬರಬಾರದಲ್ಲ" ಅಂದ.

ಮರಿ ಇತ್ತೋ ಇಲ್ವೋ, ಇಬ್ಬರೂ ನೋಡ್ಲಿಲ್ಲ. ಬ್ಯಾಗಲ್ಲಿ ತಂದಿದ್ದ ಕ್ಯಾಮೆರಾನ ಹೊರಗೆ ತೆಗೀಲೇ ಇಲ್ಲ. ಬಂದ ದಾರೀಲಿ ಮಾತಾಡದೆ ವಾಪಸ್ ಇಳಿದು, ಸೇತುವೆ ಹತ್ತಿರ ಆಚೆ ದಡಕ್ಕೆ ದಾಟಿದ್ವಿ. ಕೆಳಗೆ ಎರಡು ಹಳ್ಳ ಕೂಡೋ ಕಡೆ ಬೂಟೊಳಗೆ ಮರಳು ಚುಚ್ತಾ ಇತ್ತು, ಬಿಚ್ಚಿ ಕೊಡವೋಕೆ ನಾನು ಆ ಬಂಡೆ ಬಿಟ್ಟು ಪಕ್ಕದ ಹುಲ್ಲಲ್ಲಿ ಕೂತೆ.