ಹಾಗಲ ಬೀಜದ ಎಣ್ಣೆ: ಗಾಜಿನ ಮೇಲೆ ಎರಡನೇ ವಾರ

ಎಣ್ಣೆ ಕೊನೆಗೂ ಬಂತು. ಬಂದಿದ್ದು ಮೂರು ಟೀ ಚಮಚ, ಅಷ್ಟೇ.

ಪಾಂಡವಪುರದ ಹತ್ತಿರ ಭಾವನ ಹೊಲದಲ್ಲಿ ಹಣ್ಣಾಗಿ ಒಡೆದು ಬಿದ್ದಿದ್ದ ಹಾಗಲಕಾಯಿಯನ್ನು ಒಂದು ಚೀಲ ತುಂಬಿಸಿ ಮೈಸೂರಿಗೆ ತಂದಿದ್ದೆ. ಬೀಜಕ್ಕೆ ಅಂಟಿದ ಕೆಂಪು ಲೋಳೆ ತೊಳೆಯೋದಕ್ಕೇ ಒಂದು ಸಂಜೆ ಹೋಯಿತು. ತಾರಸಿ ಮೇಲೆ ನಾಲ್ಕು ದಿನ ಒಣಗಿಸಿ, ಒಂದೊಂದೇ ಸಿಪ್ಪೆ ಬಿಡಿಸಿ, ತಿರುಳನ್ನು ಕುಟ್ಟಿದೆ. "ಗಾಣಕ್ಕೆ ಕೊಡಬಾರದೇನೋ" ಅಂದರು ಅಮ್ಮ. ಎರಡು ಹಿಡಿ ಬೀಜವನ್ನು ಯಾವ ಗಾಣದವರು ಮುಟ್ಟುತ್ತಾರೆ? ಮೊದಲ ಸಲ ಬಾಣಲೆಯಲ್ಲಿ ಬಿಸಿ ಮಾಡಲು ಹೋಗಿ ಸೀಯಿಸಿಬಿಟ್ಟೆ. ಎರಡನೇ ಸಲ ಪಂಚೆ ಬಟ್ಟೆಯಲ್ಲಿ ಕಟ್ಟಿ, ಬಡಗಿಗಳು ಮರ ಬಿಗಿಹಿಡಿಯಲು ಬಳಸುವ ವೈಸ್‌ಗೆ ಸಿಕ್ಕಿಸಿ ತಿರುವಿದೆ.

ಇಷ್ಟೆಲ್ಲಾ ಪಾಡು ಒಂದು ಕೊಬ್ಬಿನ ಆಮ್ಲಕ್ಕಾಗಿ. ಹೆಸರು ಆಲ್ಫಾ ಎಲಿಯೋಸ್ಟಿಯರಿಕ್. ಈ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಅದೇ. ಅಗಸೆ ಎಣ್ಣೆಯಲ್ಲಿರುವ ಲಿನೊಲೆನಿಕ್ ಆಮ್ಲಕ್ಕೂ ಇದಕ್ಕೂ ಲೆಕ್ಕ ಒಂದೇ: 18 ಇಂಗಾಲದ ಸರಪಳಿ, ಅದರಲ್ಲಿ 3 ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವಿನ ಜೋಡಿ ಕೊಂಡಿ. ಅಗಸೆಯದರಲ್ಲಿ ದ್ವಿಬಂಧಗಳು 9, 12, 15ನೇ ಇಂಗಾಲದಲ್ಲಿ ಸ್ವಲ್ಪ ದೂರ ದೂರ ಕೂತಿವೆ. ಹಾಗಲದ್ದರಲ್ಲಿ 9, 11, 13. ಸಂಜೆ ಬಸ್ಸಿನ ಸೀಟಲ್ಲಿ ಒತ್ತಿಕೊಂಡು ಕೂತ ಹಾಗೆ.

ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುತ್ತಾ ಅಂತ ಗಾಜಿನ ಮೇಲೆ ಮೂರು ಪಟ್ಟಿ ತೆಳ್ಳಗೆ ಬಳಿದೆ: ಕಡಲೆಕಾಯಿ ಎಣ್ಣೆ, ಅಗಸೆ, ಹಾಗಲ. ಮೂರನೇ ದಿನ ಬೆಳಿಗ್ಗೆ ಹಾಗಲದ ಪಟ್ಟಿ ಮೇಲೆ ಪೊರೆ ಕಟ್ಟಿತ್ತು. ಕಾಯಿಸಿ ಆರಿದ ಹಾಲಿನ ಕೆನೆಯ ಹಾಗೆ ಸುಕ್ಕು ಸುಕ್ಕು. ಅಗಸೆ ಇನ್ನೂ ಬೆರಳಿಗೆ ಅಂಟುತ್ತಿತ್ತು. ಕಡಲೆಕಾಯಿ ಎಣ್ಣೆ ಇವತ್ತಿಗೂ ಹಾಗೇ ಇದೆ, ಬೇಕಾದ್ರೆ ಒಗ್ಗರಣೆ ಹಾಕಬಹುದು!

ಒಣಗೋದು ಅಂದರೆ ಇಲ್ಲಿ ನೀರು ಆರೋದಲ್ಲ. ಗಾಳಿಯ ಆಮ್ಲಜನಕ ದ್ವಿಬಂಧಗಳಿಗೆ ಕೈಹಾಕಿ ಅಣುಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ವಾರ್ನಿಷ್‌ಗೆ ಬಳಸುವ, ಟಂಗ್ ಮರದ ಬೀಜದ ಎಣ್ಣೆಯಲ್ಲಿ ಇದೇ ಆಮ್ಲ ಇನ್ನೂ ಜಾಸ್ತಿ, 80 ಪರ್ಸೆಂಟ್ ಆಸುಪಾಸು. ನನ್ನ ತಲೆ ಕೆಡಿಸಿದ್ದು ಮುಂದಿನ ಮಾತು. ಆಮ್ಲಜನಕದ ಇದೇ ಚಾಳಿ ಜೀವಕೋಶದ ಒಳಗೂ ನಡೆಯುತ್ತದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ಕೋಶಗಳು ಈ ಆಮ್ಲವನ್ನು ತಮ್ಮ ಕೊಬ್ಬಿನೊಳಗೆ ಸೇರಿಸಿಕೊಂಡು, ಆ ಕೊಬ್ಬು ಆಕ್ಸಿಡೀಕರಣಗೊಂಡು ಸತ್ತವು. ಕಬ್ಬಿಣದ ನೆರವಿನಿಂದ ಬರುವ ಈ ಸಾವಿಗೆ ಫೆರಾಪ್ಟೋಸಿಸ್ ಅಂತ ಹೆಸರು. ಟಂಗ್ ಎಣ್ಣೆ ಕುಡಿಸಿದ ಇಲಿಗಳಲ್ಲಿ ಗಡ್ಡೆ ಬೆಳೆಯುವುದು ತಗ್ಗಿತು.

ಇಲಿಗಳಲ್ಲಿ, ಮನುಷ್ಯರಲ್ಲಲ್ಲ. ಇದನ್ನು ನಮ್ಮ ಚಿಕ್ಕಪ್ಪನಿಗೆ ಎರಡು ಸಲ ಹೇಳಬೇಕಾಯಿತು. "ಶುಗರ್‌ಗೂ ಒಳ್ಳೇದಲ್ವಾ, ಒಂದು ಚಮಚ ಕೊಡು" ಅಂತ ಲೋಟ ಹಿಡಿದೇ ಬಂದಿದ್ದರು. ಹಾಗಲ ಬೀಜದಲ್ಲಿ ವೈಸಿನ್ ಅನ್ನೋ ವಸ್ತುವೂ ಇದೆ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಿಗೆ ಅದು ಆ ಕಣಗಳನ್ನೇ ಒಡೆಯಬಲ್ಲದು. ಕೊಡಲಿಲ್ಲ. ಮುನಿಸಿಕೊಂಡು ಹೋದರು.

ನಿನ್ನೆ ರಾತ್ರಿ ನಾಲ್ಕನೇ ಪಟ್ಟಿ ಬಳಿದೆ: ಹಾಗಲದ ಎಣ್ಣೆಗೆ ಮೆಡಿಕಲ್ ಶಾಪಿನ ವಿಟಮಿನ್ ಇ ಕ್ಯಾಪ್ಸೂಲ್ ಚುಚ್ಚಿ ಎರಡು ಹನಿ. ಆಕ್ಸಿಡೀಕರಣ ತಡೆಯುವ ವಸ್ತು ಅದು. ಪೊರೆ ತಡವಾಗಿ ಕಟ್ಟಬೇಕು. ಬೆಳಿಗ್ಗೆ ನೋಡಿದರೆ ಒಂದು ಇರುವೆ ನಡುವೆ ಸಿಕ್ಕಿಕೊಂಡಿದೆ. ತಟ್ಟೆ ಮುಚ್ಚೋದು ಮರೆತಿದ್ದೆ. ಎಣ್ಣೆ ಇನ್ನು ಒಂದು ಚಮಚ ಉಳಿದಿದೆ.