ಕಂಪ್ಯೂಟರ್ ಕೊಡೋಕ್ ಮುಂಚೆ ನಮ್ಮ ಮಳೆಗಾಲದ ಲೆಕ್ಕ ಹಾಕಿ

ಹೋದ ವರ್ಷ ಆಗಸ್ಟಲ್ಲಿ ಆಶ್ಲೇಷ ಮಳೆ ಬಿಡದೆ ಹೊಡೀತಿತ್ತು, ಮಗಳ ಶಾಲೆಯಿಂದ ಹೆಡ್ ಮೇಡಂ ಫೋನ್ ಮಾಡಿದ್ರು. ಕಂಪ್ಯೂಟರ್ ಒಂದೂ ಆನ್ ಆಗ್ತಿಲ್ಲ, ಸ್ವಲ್ಪ ಬಂದು ನೋಡ್ತೀರಾ ಅಂತ. ಹೊಸನಗರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಅದು, ಹೆಸರು ಬೇಡ. ನಾನು ಪೇಟೆಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಕೊಂಡಿರೋನು, ಆ ವರ್ಷ ತಾನೇ ಎಸ್‌ಡಿಎಂಸಿಗೂ ಸೇರಿದ್ದೆ (ಶಾಲೆ ನೋಡ್ಕೊಳ್ಳೋ ಸಮಿತಿ ಅದು), ಆದ್ರೆ ಆ ಕಂಪ್ಯೂಟರ್ ರೂಮಿನ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು.

ಕೀ ಹುಡುಕೋಕೇ ಅರ್ಧ ಗಂಟೆ ಆಯ್ತು. ವಾರ್ಷಿಕ ಪರೀಕ್ಷೆ ಟೈಮಲ್ಲಿ ಹಾಕಿದ ಬೀಗ, ಬೇಸಿಗೆ ರಜೆ ಮುಗೀತು, ಜೂನ್ ಜುಲೈ ಎರಡೂ ಕಳೀತು, ಯಾರೂ ತೆಗೆದಿರ್ಲಿಲ್ಲ. ಬಾಗಿಲು ದೂಡಿದ್ರೆ ಒದ್ದೆ ಗೋಣಿಚೀಲದ ವಾಸನೆ. ಮಾನಿಟರ್ ಮೇಲೆ ಹೊದಿಸಿದ್ದ ಬಟ್ಟೆ ಪೂರ್ತಿ ಬೂಷ್ಟು. ಒಂದು ಸಿಪಿಯು ಬಿಚ್ಚಿದೆ, ಪವರ್ ಸಪ್ಲೈ ಫ್ಯಾನಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿ ಬಿಟ್ಟಿದೆ, ರ‍್ಯಾಮಿನ ಕಾಲು, ಅಂದ್ರೆ ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚು, ಕಪ್ಪಾಗಿದೆ, ಮದರ್‌ಬೋರ್ಡಿನ ಸ್ಕ್ರೂ ಎಲ್ಲ ತುಕ್ಕು. ಯುಪಿಎಸ್ ಬ್ಯಾಟರಿ ಸತ್ತು ಹೋಗಿತ್ತು. ಬ್ಯಾಟರಿ ಯಾರೂ ಮುಟ್ಟದೆ ಹಾಳಾಗಿದ್ದು, ಬಳಸಿ ಬಳಸಿ ಅಲ್ಲ. ಲೆಡ್ ಆಸಿಡ್ ಬ್ಯಾಟರಿನ ಚಾರ್ಜ್ ಮಾಡದೆ ತಿಂಗಳುಗಟ್ಲೆ ಹಂಗೇ ಬಿಟ್ರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರತ್ತೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದ್ರೂ ಹಿಡಿಯಲ್ಲ.

ರ‍್ಯಾಮಿನ ಕಾಲು ಒರೆಸೋಕೆ ನಾವು ಅಂಗಡಿಲಿ ಪೆನ್ಸಿಲ್ ಅಳಿಸೋ ರಬ್ಬರ್ರೇ ಬಳಸೋದು, ಅವತ್ತು ಬ್ಯಾಗಲ್ಲಿ ಇರ್ಲಿಲ್ಲ. ಕಿಟಕಿ ಹತ್ರ ನಿಂತು ನೋಡ್ತಿದ್ದ ಏಳನೇ ಕ್ಲಾಸಿನ ಹುಡುಗ ಒಬ್ಬ ಜಾಮಿಟ್ರಿ ಬಾಕ್ಸಿಂದ ತನ್ನ ರಬ್ಬರ್ ತೆಗೆದು ಕೊಟ್ಟ. ನೀನೇ ಒರೆಸು ಮಾರಾಯ ಅಂದೆ. ಒಂದು ಕಡೆಯಿಂದ ಮೆಲ್ಲಗೆ ಉಜ್ಜಿದ, ಚಿನ್ನದ ಬಣ್ಣ ಮೇಲೆ ಬಂತು, ಸ್ಲಾಟಿಗೆ ಟಕ್ ಅಂತ ಕೂರಿಸಿ ಸ್ವಿಚ್ ಹಾಕಿದ್ರೆ ಬೀಪ್ ಅಂದು ಸ್ಕ್ರೀನ್ ಬಂತು. ಅವನ ಮುಖ ನೋಡ್ಬೇಕಿತ್ತು ನೀವು. ಹತ್ತರಲ್ಲಿ ಅವತ್ತು ಮೂರು ಎದ್ವು, ಮೂರಕ್ಕೂ ಅದೇ ರಬ್ಬರ್.

ನಾನು ಮೇಡಂ ಮೇಲೆ ತಪ್ಪು ಹೊರಿಸ್ತಿಲ್ಲ. ಇರೋ ಟೀಚರ್ಸ್‌ಲ್ಲಿ ಒಬ್ಬೊಬ್ರು ಎರಡೆರಡು ಕ್ಲಾಸ್ ನೋಡ್ಬೇಕು, ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಮಕ್ಕಳ ಮಾಹಿತಿ ತುಂಬೋ ಸರ್ಕಾರಿ ಸಾಫ್ಟ್‌ವೇರ್ ಸ್ಯಾಟ್ಸ್‌ಗೆ ಎಂಟ್ರಿ, ಮೀಟಿಂಗು, ಇದ್ರ ಮಧ್ಯೆ ಕಂಪ್ಯೂಟರ್ ರೂಮಿನ ಬೀಗ ಯಾರು ತೆಗೀಬೇಕು ಅಂತ ಯಾವ ಕಾಗದದಲ್ಲೂ ಬರೆದಿಲ್ಲ. ಕಂಪ್ಯೂಟರ್ ಎಷ್ಟು, ಸೀರಿಯಲ್ ನಂಬರ್ ಎಂತ, ಅದೆಲ್ಲ ಸ್ಟಾಕ್ ರಿಜಿಸ್ಟರ್‌ಲ್ಲಿ ನೀಟಾಗಿ ಇದೆ. ಯಾರು ತೆಗೀತಾರೆ, ಯಾವ ಪಿರಿಯಡ್‌ಲ್ಲಿ, ಕೆಟ್ರೆ ಯಾವ ದುಡ್ಡಲ್ಲಿ ರಿಪೇರಿ, ಇದು ಮಾತ್ರ ಎಲ್ಲೂ ಇಲ್ಲ. ಪ್ಲಾನ್ ಅಂದ್ರೆ ಇದೇ ಅಲ್ವಾ ಮಾರಾಯ್ರೆ?

ಇದು ನಮ್ಮ ಒಂದು ಶಾಲೆ ಕತೆ ಅಲ್ಲ. ಶಾಲೆಗಳಿಗೆ ಕಂಪ್ಯೂಟರ್ ಕೊಡೋ ಕೇಂದ್ರದ ಐಸಿಟಿ ಅಟ್ ಸ್ಕೂಲ್ಸ್ ಸ್ಕೀಮ್ 2004ರಲ್ಲಿ ಶುರು ಆಯ್ತು, ಅದ್ರಲ್ಲಿ ಬೂಟ್ ಅಂತ ಒಂದು ಮಾದರಿ ಇತ್ತು, ಕಂಪನಿಯವ್ರು ಬಂದು ಲ್ಯಾಬ್ ಹಾಕಿ ಐದು ವರ್ಷ ನಡೆಸಿ ಆಮೇಲೆ ಶಾಲೆಗೆ ಬಿಟ್ಟು ಹೋಗೋದು. ಐದು ವರ್ಷ ಕಳೆದ ಮೇಲೆ ಮೆಷಿನ್ ಶಾಲೆದು, ಆದ್ರೆ ಅದನ್ನ ನೋಡ್ಕೊಳ್ತಿದ್ದ ಜನ ಇಲ್ಲ. ಹಳೇದಾಗ್ತಾ ಬಂದ ಮೆಷಿನ್ನಿಗೇ ತಾನೇ ಜಾಸ್ತಿ ಕೈ ಬೇಕಾಗೋದು. ದೂರದ ಪೆರು ದೇಶದಲ್ಲೂ ಹಳ್ಳಿ ಶಾಲೆ ಮಕ್ಕಳಿಗೆ ಒಬ್ಬೊಬ್ರಿಗೆ ಒಂದೊಂದು ಲ್ಯಾಪ್‌ಟಾಪ್ ಹಂಚಿದ್ರು, 319 ಶಾಲೆ ನೋಡಿ 2012ರಲ್ಲಿ ರಿಪೋರ್ಟ್ ಬರೆದ್ರು, ಗಣಿತದಲ್ಲಾಗ್ಲಿ ಭಾಷೆಯಲ್ಲಾಗ್ಲಿ ಮಾರ್ಕ್ಸ್ ಮೇಲೆ ಏನೂ ಪರಿಣಾಮ ಕಾಣ್ಲಿಲ್ಲ ಅಂತ. ಹಂಚೋದು ಸುಲಭ. ನಮ್ಮ ಪಕ್ಕದ ಕೇರಳ ನೋಡಿ, ಅಲ್ಲಿ ಶಾಲೆ ಟೆಕ್ನಾಲಜಿಗೆ ಅಂತಲೇ ಕೈಟ್ ಅನ್ನೋ ಸರ್ಕಾರಿ ಸಂಸ್ಥೆ ಇದೆ, ಟೀಚರ್ಸ್‌ಗೆ ಟ್ರೈನಿಂಗ್ ಅವ್ರದ್ದೇ, ಹೈಸ್ಕೂಲ್ ಮಕ್ಕಳದ್ದೇ ಲಿಟಲ್ ಕೈಟ್ಸ್ ಅಂತ ಕ್ಲಬ್ 2018ರಿಂದ ನಡೀತಿದೆ, ಹಾರ್ಡ್‌ವೇರು ಕೂಡ ಮಕ್ಕಳು ಕಲೀತಾರೆ. ರಬ್ಬರ್ ಕೊಟ್ಟ ಹುಡುಗನ್ನ ನೋಡಿದಾಗಿಂದ ನಂಗೆ ಅದೇ ತಲೇಲಿ ಕೂತಿದೆ.

ಇನ್ನು ನಮ್ಮ ಮಲೆನಾಡಿನ ವಿಷಯ. ಇಲ್ಲಿಗೆ ಪ್ಲಾನ್ ಮಾಡೋರು ಬಯಲುಸೀಮೆ ಲೆಕ್ಕ ತರಬಾರದು. ಜೂನಿಂದ ಸೆಪ್ಟೆಂಬರ್ ತನಕ ಗಾಳಿಗೆ ಮರ ಲೈನ್ ಮೇಲೆ ಬೀಳತ್ತೆ, ಕರೆಂಟ್ ಹೋದ್ರೆ ಕೆಲವು ಸಲ ಮೂರು ದಿನ ಇಲ್ಲ, ಲೈನ್‌ಮನ್ ಪಾಪ ಕಾಡೊಳಗೆ ಇಂಬಳ (ಜಿಗಣೆ) ಕಚ್ಚಿಸ್ಕೊಂಡು ಹುಡುಕ್ತಾ ಇರ್ತಾನೆ. ಏಪ್ರಿಲ್ ಮೇ ಗುಡುಗು ಸಿಡಿಲು ಬೇರೆ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ಥಿಂಗ್, ಅಂದ್ರೆ ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ದಾರಿ, ಸರಿಯಾಗಿ ಕೂರೋದು ಕಷ್ಟ, ಆಳಕ್ಕೆ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ, ಬೇಸಿಗೆಲಿ ಅದಕ್ಕೆ ನೀರು ಹೊಯ್ತಾ ಇರ್ಬೇಕು. ನಾನು ನೋಡಿದ ಎಷ್ಟೋ ಶಾಲೆಲಿ ತ್ರೀ ಪಿನ್ ಸಾಕೆಟ್ ಇದೆ, ಅರ್ಥಿಂಗಿನ ಮೂರನೇ ಪಿನ್ನಿಗೆ ವೈರೇ ಇಲ್ಲ! ಮಕ್ಕಳು ಕೈ ಹಾಕೋ ಜಾಗ ಇದು, ಇದನ್ನ ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರಲ್ಲ ನಂಗೆ.

ತೇವಕ್ಕೆ ಔಷಧಿ ಒಂದೇ, ದಿನಾ ಅರ್ಧ ಗಂಟೆ ಆನ್ ಮಾಡೋದು. ಮಳೆಗಾಲದಲ್ಲಿ ನಾವು ಬಟ್ಟೆನ ಬಚ್ಚಲೊಲೆ ಮೇಲೆ ಹರವ್ತೀವಲ್ಲ, ಹಂಗೆ ಮೆಷಿನ್ನಿಗೆ ಅದರದ್ದೇ ಬಿಸಿ ಸಾಕು. ಕರೆಂಟ್ ಬಿಲ್ಲಿನ ಹೆದರಿಕೆನೂ ಈಗ ಇಲ್ಲ, ಸರ್ಕಾರಿ ಶಾಲೆಗೆ ಕರೆಂಟ್ ಫ್ರೀ ಅಂತ 2023ರ ರಾಜ್ಯೋತ್ಸವದ ದಿನವೇ ಮುಖ್ಯಮಂತ್ರಿಗಳು ಹೇಳಿದಾರೆ.

ನೆಟ್‌ವರ್ಕಿನ ಮಾತು ಕೇಳಲೇಬೇಡಿ. ಕೋವಿಡ್ ಟೈಮಲ್ಲಿ ಚಂದನದಲ್ಲಿ ಸಂವೇದ ಪಾಠ ಬರ್ತಿತ್ತು, ಕರೆಂಟ್ ಇದ್ರೆ ನೋಡಿದ್ರು. ಆನ್‌ಲೈನ್ ಕ್ಲಾಸಿಗೆ ಮಕ್ಕಳು ಗುಡ್ಡ ಹತ್ತಿ ಕೊಡೆ ಹಿಡ್ಕೊಂಡು ಕೂರ್ತಿದ್ರು, ನಮ್ಮ ಕಡೆ ಜನ ನೋ ನೆಟ್‌ವರ್ಕ್ ನೋ ವೋಟಿಂಗ್ ಅಂತ ಬೋರ್ಡ್ ಹಿಡಿದಿದ್ದು ಸುಮ್ಮನೆ ಅಲ್ಲ. ಹಂಗಾಗಿ ಇಂಟರ್ನೆಟ್ ಇಲ್ಲ ಅಂತಲೇ ಇಟ್ಕೊಂಡು ಪ್ಲಾನ್ ಮಾಡ್ಬೇಕು ಅನ್ನೋದು ನನ್ನ ಮಾತು. ಸರ್ಕಾರದ ದೀಕ್ಷಾ ಆ್ಯಪಲ್ಲಿ ಪಾಠಗಳನ್ನ ಒಂದ್ಸಲ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್ ಇಲ್ದೇನೂ ಓಡತ್ತೆ. ಕಿವಿಕ್ಸ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಕನ್ನಡ ವಿಕಿಪೀಡಿಯಾನೇ ಪೂರ್ತಿ ಇಳಿಸ್ಕೊಂಡು ಒಂದು ಕಂಪ್ಯೂಟರಲ್ಲಿ ಇಟ್ಬಿಡಬಹುದು. ನಾನು ಅಂಗಡಿಲಿ ರಾತ್ರಿ ಇಳಿಸಿ ಪೆನ್‌ಡ್ರೈವಲ್ಲಿ ತಗೊಂಡು ಹೋಗಿ ಹಾಕ್ದೆ.

ನವೆಂಬರಲ್ಲಿ ಆ ಮೂರು ಮೆಷಿನ್ನಲ್ಲಿ ಶನಿವಾರ ಶನಿವಾರ ಕನ್ನಡ ಟೈಪಿಂಗ್ ಶುರು ಮಾಡಿದ್ವಿ, ಇಂಗ್ಲಿಷ್ ಕೀಬೋರ್ಡಲ್ಲೇ ಕನ್ನಡ ಹೊಡೆಯೋಕೆ ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಇರೋದೂ ಅದೇ ಜೋಡಣೆ. ಮಗಳ ಕ್ಲಾಸಿನ ಒಂದು ಹುಡುಗಿ, ಮಾತೇ ಆಡಲ್ಲ ಅವಳು, ಅಂಕಲ್ ಲಿಂಗನಮಕ್ಕಿ ಹೆಂಗ್ ಬರೆಯೋದು ಅಂದ್ಲು. ಅವಳ ಅಜ್ಜಿ ಸಣ್ಣೋರಿದ್ದಾಗ ಡ್ಯಾಮಿನ ನೀರಲ್ಲಿ ಗದ್ದೆ ಮನೆ ಮುಳುಗಿ ಈ ಕಡೆ ಬಂದಿದ್ದಂತೆ, ಡ್ಯಾಮ್ ಆಗಿದ್ದು 1964ರಲ್ಲಿ. ಲಿಂಗನಮ ತನಕ ಹೊಡೆದ್ಲು, ಒತ್ತಕ್ಷರಕ್ಕೆ ನಿಂತ್ಲು. ಕೆ ಒತ್ತು, ಎಫ್ ಒತ್ತು, ಮತ್ತೆ ಕೆ ಒತ್ತು ಅಂದೆ. ಕ ಬಂತು, ಕ್ ಆಯ್ತು, ಕ್ಕ ಆಯ್ತು. ಕೊನೆಗೆ ಐ ಒತ್ತಿ ಕ್ಕಿ ಮಾಡಿ ಒಂದು ನಿಮಿಷ ಹಂಗೇ ನೋಡ್ತಾ ಕೂತ್ಲು. ಮುಂದಿನ ವಾರ ಬಂದಾಗ ಅಜ್ಜಿ ಹೇಳಿದ್ದನ್ನ ನೋಟ್‌ಬುಕ್ಕಲ್ಲಿ ಎರಡು ಪುಟ ಬರ್ಕೊಂಡು ಬಂದಿದ್ಲು, ಟೈಪ್ ಮಾಡೋಕೆ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಾಗ್ಲಿಲ್ಲ ನೋಡಿ. ಇನ್ನೊಂದು ಗಮನಿಸಿದ್ದು ಅಂದ್ರೆ, ಸುಮ್ಮನೆ ಬಿಟ್ರೆ ಮೌಸ್ ಯಾವಾಗ್ಲೂ ಗಂಡುಮಕ್ಕಳ ಕೈಲೇ ಇರತ್ತೆ, ಅದಕ್ಕೆ ಈಗ ಪಾಳಿ ಬರೆದು ಗೋಡೆಗೆ ಅಂಟಿಸಿದೀವಿ.

ಈಗ ಬೆಂಗಳೂರಲ್ಲಿರೋ ಹಳೆ ವಿದ್ಯಾರ್ಥಿಗಳು ಎಂಟು ಕಂಪ್ಯೂಟರ್ ಕೊಡ್ತೀವಿ ಅಂದಿದಾರೆ, ಜೂನಿಗೆ ಬರತ್ತೆ. ಒಳ್ಳೇ ಮನಸಿನ ಜನ, ಊರು ಮರೆತಿಲ್ಲ. ಆದ್ರೆ ಹಳೇ ಕತೆ ಮತ್ತೆ ಆಗಬಾರದು ಅಂತ ಮಾರ್ಚಲ್ಲೇ ಎಸ್‌ಡಿಎಂಸಿ ಮೀಟಿಂಗ್ ಕರೆಸಿದೆ. ಶಿಕ್ಷಣ ಹಕ್ಕಿನ 2009ರ ಆರ್‌ಟಿಇ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಬರೆಯೋದು ಎಸ್‌ಡಿಎಂಸಿ ಕೆಲ್ಸ, ಸಮಿತಿಲಿ ಮುಕ್ಕಾಲು ಪಾಲು ನಾವು ಅಪ್ಪ ಅಮ್ಮಂದಿರೇ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬರೆದು ತಂದ ಕಾಗದಕ್ಕೆ ಸೈನ್ ಹಾಕಿ ಟೀ ಕುಡಿದು ಬರ್ತಿದ್ವಿ ಅಷ್ಟೇ.

ಮೀಟಿಂಗಲ್ಲಿ ಒಬ್ರು ತಾಯಿ ಹೇಳಿದ್ರು, "ಬೀಗ ಹಾಕಿ ಇಡೋದಾದ್ರೆ ಬ್ಯಾಡ್ವೇ ಬ್ಯಾಡ, ನಮ್ಮನೆ ಮಿಕ್ಸಿನೂ ದಿನಾ ತಿರುಗಿದ್ರೇ ಸರಿ ಇರೋದು" ಅಂತ. ಅದನ್ನೇ ಯೋಜನೆಯ ಮೊದಲನೇ ಸಾಲು ಮಾಡಿ ಅಂದೆ ನಾನು. ದುಡ್ಡಿನ ಮಾತು ಬಂದಾಗ ಮಾತ್ರ ಎಲ್ಲರೂ ಸುಮ್ಮನಾದ್ರು. ನಮ್ಮ ಶಾಲೆ ಸೈಜಿಗೆ, ಅಂದ್ರೆ ಮೂವತ್ತಕ್ಕಿಂತ ಮೇಲೆ ನೂರರ ಒಳಗೆ ಮಕ್ಕಳಿದ್ರೆ, ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಲಿ ಶಾಲಾ ಅನುದಾನ ವರ್ಷಕ್ಕೆ 25,000 ರೂಪಾಯಿ. ಸುಣ್ಣ ಬಣ್ಣ, ಸೀಮೆಸುಣ್ಣ, ಟಾಯ್ಲೆಟ್ ಕ್ಲೀನಿಂಗ್, ಸಣ್ಣಪುಟ್ಟ ರಿಪೇರಿ ಎಲ್ಲ ಅದ್ರಲ್ಲೇ. ಒಂದು ದೊಡ್ಡ ಇನ್ವರ್ಟರ್ ಬ್ಯಾಟರಿಗೇ ಅದ್ರಲ್ಲಿ ಅರ್ಧ ಹೋಗತ್ತೆ. ಅದಕ್ಕೆ ಬೆಂಗಳೂರಿನವ್ರಿಗೆ ಫೋನ್ ಮಾಡಿ ನೇರ ಕೇಳ್ದೆ, ಎಂಟು ಬೇಡ ಅಣ್ಣಾ, ಐದು ಕೊಡಿ, ಉಳಿದ ಮೂರರ ದುಡ್ಡನ್ನ ಬ್ಯಾಟರಿಗೆ, ವೈರಿಂಗಿಗೆ, ಮೂರು ವರ್ಷದ ರಿಪೇರಿಗೆ ಅಂತ ಶಾಲೆ ಖಾತೆಲಿ ಇಡಿ ಅಂತ. ಮೊದಲು ಅವ್ರಿಗೆ ಬೇಜಾರಾಯ್ತು, ಫೋಟೋದಲ್ಲಿ ಎಂಟು ಕಾಣ್ಬೇಕು ಅಂತ ಆಸೆ ಇರತ್ತಲ್ವಾ. ಆಗಸ್ಟಲ್ಲಿ ತೆಗೆದಿದ್ದ ಆ ಹುಳದ ಗೂಡಿನ ಫೋಟೋ ವಾಟ್ಸಾಪ್ ಮಾಡ್ದೆ. ಎರಡು ದಿನ ಬಿಟ್ಟು ಆಯ್ತು ಅಂದ್ರು.

ಕೀ ಈಗ ಎರಡು ಇದೆ, ಒಂದು ಮೇಡಂ ಹತ್ರ, ಇನ್ನೊಂದು ಬಿಸಿಯೂಟದ ಅಕ್ಕನ ಹತ್ರ, ಯಾಕಂದ್ರೆ ಎಲ್ಲರಿಗಿಂತ ಮುಂಚೆ ಶಾಲೆಗೆ ಬರೋದು ಅವ್ರೇ. ಬೆಳಿಗ್ಗೆ ಬಂದು ಮೇನ್ ಸ್ವಿಚ್ ಹಾಕಿ ಒಲೆ ಹಚ್ಚೋಕೆ ಹೋಗ್ತಾರೆ. ಈ ಶನಿವಾರ ಅರ್ಥಿಂಗ್ ಗುಂಡಿ ತೋಡೋದಿದೆ, ಪಿಕಾಸಿ ಹಾರೆ ಊರವ್ರು ತರ್ತಾರೆ, ಇದ್ದಿಲು ಉಪ್ಪು ನಂದು. ಆ ರಬ್ಬರ್ ಹುಡುಗ ಏಳನೇದು ಮುಗಿಸಿ ಹೈಸ್ಕೂಲಿಗೆ ಹೋಗ್ತಿದಾನೆ, ಅವನೂ ಬರ್ತೀನಿ ಅಂದಿದಾನೆ.