ಇಟ್ಟಕೊಂಡಾಕಿಗೆ ಹೊಲದಾಗ ಪಾಲೈತೇನು?

ಉಪಪತ್ನಿ ಅನ್ನೋದು ಪುಸ್ತಕದಾಗಿನ ಮಾತು, ನಮ್ಮ ಗಂಗಾವತಿ ಸೀಮಿಯೊಳಗ ಇಟ್ಟಕೊಂಡಾಕಿ ಅಂತಾರ, ಸಿಟ್ಟು ಬಂದ್ರ ಏನಂತಾರ ಅನ್ನೋದನ್ನ ಇಲ್ಲಿ ಟೈಪ್ ಮಾಡಂಗಿಲ್ಲ ಬಿಡ್ರಿ. ಉಡಿಕಿ ಆದಾಕಿ ಬ್ಯಾರೆ ಮತ್ತ, ಗಂಡ ಸತ್ತಾಕಿಗೆ ಹಿರೇರ ಮುಂದ ಸೀರಿ ಉಡಿಸಿ ಕರ್ಕೊಂಡು ಬಂದ್ರ ಆಕಿ ಹೆಂಡ್ತಿನ. ಇಬ್ಬರ ನಡುವಿನ ಫರಕು ಜೋರಾಗಿ ಕಾಣೋದು ಆ ಮನಷ್ಯಾ ಸತ್ತು ಹೊಲ ಹಂಚೋ ಹೊತ್ತಿಗೆ.

ಇದು ಈಗಿಂದಲ್ಲ. 1520ರ ಸುಮಾರಿಗೆ ಹಂಪಿ ನೋಡಿದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸ್ ಬರದಾನ, ಕೃಷ್ಣದೇವರಾಯಗ 12 ಮಂದಿ ಲಗ್ನದ ಹೆಂಡ್ರು, ಅದರಾಗ ಮೂರು ಮಂದಿ ಪಟ್ಟದವರು, ಆ ಮೂವರ ಮಕ್ಕಳಿಗಷ್ಟ ರಾಜ್ಯದ ಹಕ್ಕು, ಉಳಿದವರ ಮಕ್ಕಳಿಗಿಲ್ಲ ಅಂತ. ಆ ಮೂವರಾಗ ಒಬ್ಬಾಕಿ ರಾಯ ಪಟ್ಟಕ್ಕ ಬರೋಕಿಂತ ಮೊದಲ ಇಟ್ಟಕೊಂಡಿದ್ದ ಗಣಿಕೆ! ರಾಜ ಆದ್ರ ನನ್ನ ಲಗ್ನ ಆಗಬೇಕು ಅಂತ ಮಾತು ತೊಗೊಂಡಿದ್ಲಂತ, ಆತ ಉಳಿಸಿಕೊಂಡ, ಆಕಿ ಪ್ರೀತಿಗೆ ಒಂದು ಹೊಸ ಪಟ್ಣನೂ ಕಟ್ಟಿದ ಅಂತಾನ ಪಾಯೆಸ್. ಚಿನ್ನಾದೇವಿ ಕಥಿ ಅಂತ ಹಂಪಿ ಗೈಡ್‌ಗಳು ಹೇಳೋದು ಇದನ್ನ. ಅವರು ಲವ್ ಸ್ಟೋರಿ ಮಾಡಿ ಹೇಳ್ತಾರ, ನನಗ ಆಕಿ ಭಾಳ ಶಾಣ್ಯಾ ಹೆಂಗಸು ಅನಸ್ತದ, ಮಕ್ಕಳಾದ್ರ ಸಿಂಹಾಸನಕ್ಕ ಸಾಲಿನ್ಯಾಗ ನಿಲ್ಲೋ ಹಂಗ ಮೊದಲ ಗಟ್ಟಿ ಮಾಡ್ಕೊಂಡ್ಲು.

ಬಳ್ಳಾರಿ ಕಡೆ ಬಸವಿ ಬಿಡೋ ಪದ್ಧತಿ ಇದಕ್ಕ ಪೂರ್ತಿ ಉಲ್ಟಾ. ಗಂಡುಮಕ್ಕಳಿಲ್ಲದ ಮನ್ಯಾಗ ಮಗಳನ್ನ ದೇವರಿಗೆ ಬಿಟ್ಟು ಮನ್ಯಾಗ ಇಟ್ಕೊಳ್ಳೋದು, ಆಕಿ ಯಾರ ಜೊತಿ ಬಾಳ್ವಿ ಮಾಡಿದ್ರೂ ಮಕ್ಕಳು ತವರಮನಿಯವರು, ಅಪ್ಪನ ಆಸ್ತಿಗೆ ಆಕಿ ಮಗ ಇದ್ದಂಗ, ಅಪ್ಪನ ದಿನಕರ್ಮನೂ ಆಕಿನ ಮಾಡ್ತಿದ್ಲು. ನೋಡ್ರಿ ಹೆಣ್ಣಿಗೆ ಎಂಥಾ ಹಕ್ಕಿತ್ತು ಅಂತ ಹೊಗಳೋರೂ ಅದಾರ. ನಾನು ಒಪ್ಪಂಗಿಲ್ಲ, ಆ ಹುಡುಗಿನ ಕೇಳಿ ಮುತ್ತು ಕಟ್ಟಿ ದೇವರಿಗೆ ಬಿಟ್ಟಿದ್ರೇನು? 1953ರ ತನಕ ಬಳ್ಳಾರಿ ಮದ್ರಾಸಿನ್ಯಾಗ ಇತ್ತಲ್ಲ, ಅದಕ್ಕ ಹಿಂಗ ದೇವರಿಗೆ ಬಿಡೋದನ್ನ ತಡಿಯೋ 1947ರ ಮದ್ರಾಸ್ ದೇವದಾಸಿ ಕಾಯ್ದೆ ಅಲ್ಲಿಗೆ ಬಂತು, ನಾವು ರಾಯಚೂರು-ಕೊಪ್ಪಳದವರು ಆಗ ನಿಜಾಮನ ಕೈಯಾಗ. ಇಡೀ ಕರ್ನಾಟಕಕ್ಕ ಅಂತ ಕಾಯ್ದೆ ಆಗಿದ್ದು 1982ಕ್ಕ.

ಧರ್ಮಶಾಸ್ತ್ರದಾಗ ಅವರುದ್ಧ ಸ್ತ್ರೀ ಅಂತ ಒಂದು ಹೆಸರೈತಿ, ಒಬ್ಬ ಯಜಮಾನಗ ಮಾತ್ರ ಸೇರಿದಾಕಿ. ಬ್ರಿಟಿಷರ ಕಾಲದ ಕೋರ್ಟುಗಳು ಆಕಿ ನಿಷ್ಠೆಯಿಂದ ಇದ್ರ ಸತ್ತವನ ಆಸ್ತಿಯಾಗ ಜೀವನಾಂಶ ಕೊಡಸ್ತಿದ್ವು, 1956ರ ಹಿಂದೂ ಜೀವನಾಂಶ ಕಾಯ್ದೆ ಬಂದ ಮ್ಯಾಲೆ ಅದೂ ಹೋತು. ಆಕಿ ಮಕ್ಕಳನ್ನ ಬಿಟ್ಟಿಲ್ಲ, ಸಣ್ಣ ಮಗ, ಲಗ್ನ ಆಗದ ಮಗಳು ಇದ್ರ ಅವಲಂಬಿತರ ಪಟ್ಟಿಯಾಗ ಅದಾರ, ತಾಯಿಗೆ ಮಾತ್ರ ಏನೂ ಇಲ್ಲ.

2023ರಾಗ ರೇವಣಸಿದ್ದಪ್ಪ ಕೇಸಿನ್ಯಾಗ, ಅದೂ ನಮ್ಮ ಕರ್ನಾಟಕದ್ದ, ಸುಪ್ರೀಂ ಕೋರ್ಟ್ ಹೇಳೇತಿ, ಊರ್ಜಿತ ಅಲ್ಲದ ಮದುವಿ (ಮೊದಲನೇ ಹೆಂಡ್ತಿ ಇದ್ದಾಗನ ಆದ ಎರಡನೇ ಲಗ್ನದಂಥಾದ್ದು) ಮಕ್ಕಳಿಗೂ ಅಪ್ಪಗ ಬರೋ ಪಾಲಿನ್ಯಾಗ ಹಕ್ಕೈತಿ, ಪಿತ್ರಾರ್ಜಿತದಾಗ ಆತಗ ಬರೋ ಪಾಲೂ ಸೇರಿ ಅಂತ. ಆದ್ರ ಮದುವಿ ಅಂತ ಒಂದು ನಡದಿರಬೇಕು. ಹಿಂಗಾಗಿ ಎರಡನೇ ಮನಿಯವರು ಲಗ್ನಪತ್ರಿಕಿ, ಫೋಟೋ, ತಾಳಿ ಕಟ್ಟಿದ್ದು ನೋಡಿದ ಮುದುಕರು ಯಾರರ ಉಳದಾರೇನು ಅಂತ ಹುಡುಕ್ತಾರ, ಮೊದಲನೇ ಮನಿಯವರು ಅಂಥಾದ್ದೇನೂ ನಡದಿಲ್ಲ, ಸುಮ್ನ ಇಟ್ಟಕೊಂಡಿದ್ದ ಅಂತಾರ.